ಸೂರ್ಯನ ಅರ್ಕಾವತ್ತಿಗೆ ಸಂಬಳ ಕೊಟ್ಟವರು ಯಾರು?

ಫೋನ್ ತೆಗೆದು 'ಸೂರ್ಯ' ಅಂತ ಟೈಪ್ ಮಾಡಿ ನೋಡಿ. ಈಗಲೇ ಮಾಡಿ, ನಾನು ಕಾಯುತ್ತೇನೆ. ಯಾವ ಕ್ರಮದಲ್ಲಿ ಒತ್ತಿದಿರಿ ಅನ್ನೋದನ್ನು ಗಮನಿಸಿ. ಮೊದಲು ಸ, ಅದಕ್ಕೊಂದು ಕೊಂಬಿನ ಇಳಿ, ಆಮೇಲೆ ರ, ಅದನ್ನು ಅರ್ಧ ಮಾಡುವ ಕೀ, ಕೊನೆಗೆ ಯ. ಫೋನಿನ ಒಳಗೆ ಈ ಪದ ಉಳಿಯುವುದೂ ಇದೇ ಕ್ರಮದಲ್ಲಿ. ಪರದೆಯ ಮೇಲೆ ಮಾತ್ರ ಬೇರೆ ಥರ ಕಾಣುತ್ತದೆ. ಯ ಮೊದಲು ಬಂದಿದೆ, ರ ಅದರ ಆಚೆ ಹೋಗಿ ಕೂತಿದೆ, ಅದೂ ರ ಆಗಿ ಉಳಿದಿಲ್ಲ, ಕನ್ನಡದ ಒಂಬತ್ತರ ಅಂಕಿಯ ಹಾಗೆ ಕಾಣುವ ಅರ್ಕಾವತ್ತು ಆಗಿದೆ.

ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ನಮಗೆ ಇದನ್ನು ಕಲಿಸಿದರು. ಫೋನಿಗೆ ಕಲಿಸಿದವರು ಯಾರು?

ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ, ಲಿಬ್ರೆಆಫೀಸ್‌ನಲ್ಲಿ ಈ ಕೆಲಸ ಮಾಡುವುದು ಹಾರ್ಫ್‌ಬಝ್ ಅನ್ನೋ ಒಂದು ಓಪನ್ ಸೋರ್ಸ್ ಲೈಬ್ರರಿ. ಲೈಬ್ರರಿ ಅಂದರೆ ಬೇರೆ ಸಾಫ್ಟ್‌ವೇರ್‌ಗಳು ತಮ್ಮೊಳಗೆ ಸೇರಿಸಿಕೊಂಡು ಬಳಸುವ ಸಿದ್ಧ ಕೋಡ್, ಓಪನ್ ಸೋರ್ಸ್ ಅಂದರೆ ಆ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬಳಸಬಹುದು. ಫಾಂಟ್‌ನಲ್ಲಿ ಅಕ್ಷರದ ಆಕಾರಗಳು ಇರುತ್ತವೆ. ಯಾವ ಆಕಾರ ಎಲ್ಲಿ ಕೂರಬೇಕು, ಯಾವ ಒತ್ತು ಯಾರ ಕೆಳಗೆ ಹೋಗಬೇಕು ಅಂತ ಲೆಕ್ಕ ಹಾಕುವುದು ಹಾರ್ಫ್‌ಬಝ್. ಹೆಸರು ಪರ್ಷಿಯನ್ ಭಾಷೆಯದು. ಹರ್ಫ್ ಅಂದರೆ ಅಕ್ಷರ, ಬಾಝ್ ಅಂದರೆ ತೆರೆದದ್ದು. ಇದರ ಮುಖ್ಯ ಕರ್ತೃ ಇರಾನ್ ಮೂಲದ ಬೆಹ್ದಾದ್ ಎಸ್ಫಹ್‌ಬೋದ್. ಕನ್ನಡ ಅವರ ತಾಯ್ನುಡಿಯಲ್ಲ. ಆದರೂ ನೀವು ಇವತ್ತು ಬೆಳಗ್ಗೆ ಆಂಡ್ರಾಯ್ಡ್ ಫೋನಿನಿಂದ ಮನೆಯವರಿಗೆ ಕಳಿಸಿದ ಮೆಸೇಜಿನ ಒಂದೊಂದು ಒತ್ತಕ್ಷರವೂ ಅವರ ಮತ್ತು ಅವರ ಜೊತೆಗಾರರ ಕೋಡ್ ದಾಟಿಕೊಂಡೇ ಪರದೆಗೆ ಬಂದಿರುತ್ತದೆ.

ಈಗ ನಾನು ಕೇಳಬೇಕು ಅಂದುಕೊಂಡಿರುವ ಪ್ರಶ್ನೆಗೆ ಬರುತ್ತೇನೆ. ಇಷ್ಟು ವರ್ಷ ಅವರ ಮನೆ ಹೇಗೆ ನಡೆಯಿತು? ಅವರು ಮೊದಲು ರೆಡ್ ಹ್ಯಾಟ್ ಅನ್ನೋ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡಿದರು, ಆಮೇಲೆ ಗೂಗಲ್‌ಗೆ ಹೋದರು, ಅಲ್ಲಿಂದ ಫೇಸ್‌ಬುಕ್‌ಗೆ. ಕಂಪನಿ ಬದಲಾಯಿತು, ಲೈಬ್ರರಿ ಅದೇ ಉಳಿಯಿತು. ಮೊಝಿಲ್ಲಾದವರೂ ಕೈ ಜೋಡಿಸಿದರು. ಒಂದು ಕಂಪನಿ ಸಂಬಳ ಕೊಟ್ಟು ಮಾಡಿಸಿದ ಕೆಲಸವನ್ನು ಅದರ ಎದುರಾಳಿ ಕಂಪನಿ ಬಳಸಿತು, ತಿದ್ದಿತು, ವಾಪಸ್ ಕೊಟ್ಟಿತು. ಒಂದು ಕಾಲದಲ್ಲಿ ಫೋನಿನಲ್ಲಿ ಕನ್ನಡ ತೆರೆದರೆ ಬರೀ ಖಾಲಿ ಪೆಟ್ಟಿಗೆಗಳು ಕಾಣುತ್ತಿದ್ದವು, ನೆನಪಿದೆ ಅಲ್ವಾ? ಆ ಪೆಟ್ಟಿಗೆಗೆ ಫಾಂಟ್ ಲೋಕದಲ್ಲಿ ಟೋಫು ಅಂತ ಹೆಸರು. ಟೋಫು ಬೇಡ ಅನ್ನೋ ಅರ್ಥದಲ್ಲೇ ಗೂಗಲ್ ತನ್ನ ಫಾಂಟ್‌ಗಳಿಗೆ ನೋಟೊ ಅಂತ ಹೆಸರಿಟ್ಟು, ದುಡ್ಡು ಕೊಟ್ಟು ಮಾಡಿಸಿ, ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಕೊಟ್ಟಿತು. ನೋಟೊದಲ್ಲಿ ಕನ್ನಡವೂ ಇದೆ. ಅದಕ್ಕೂ ಮುಂಚೆ ರೆಡ್ ಹ್ಯಾಟ್ ಲೋಹಿತ್ ಫಾಂಟ್‌ಗಳನ್ನು ಹೀಗೇ ಬಿಡುಗಡೆ ಮಾಡಿತ್ತು.

ಇದು ದಾನವಾ ಅಂತ ಕೇಳಿದರೆ, ಅಲ್ಲ ಅಂತಲೇ ಹೇಳುತ್ತೇನೆ. ಕನ್ನಡ, ತಮಿಳು, ಅರಬ್ಬಿ ಸರಿಯಾಗಿ ಕಾಣದಿದ್ದರೆ ಆಂಡ್ರಾಯ್ಡ್ ಫೋನ್ ಇಲ್ಲೆಲ್ಲ ಮಾರಾಟ ಆಗುತ್ತಿರಲಿಲ್ಲ. ಅವರಿಗೆ ಬೇಕಿತ್ತು, ಮಾಡಿಸಿದರು. ನನಗೆ ಅದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ನಾನು ನಿಮಗೆ ತೋರಿಸಬೇಕಾಗಿರುವುದು ಹಣ ಕೊಟ್ಟ ರೀತಿಯನ್ನು. ತಿಂಗಳಾ ತಿಂಗಳಾ ಸಂಬಳ, ವರ್ಷಗಟ್ಟಲೆ, ಒಬ್ಬ ಮನುಷ್ಯನಿಗೆ, ಒಂದೇ ಕೆಲಸಕ್ಕೆ. ಇದು ಇಲ್ಲದ ಕಡೆ ಏನಾಗುತ್ತದೆ ಅಂತ ಈಗ ನೋಡೋಣ.

2014ರ ಏಪ್ರಿಲ್ 7. ಹಾರ್ಟ್‌ಬ್ಲೀಡ್ ಅನ್ನೋ ತಪ್ಪಿನ ಸುದ್ದಿ ಹೊರಗೆ ಬಂದ ದಿನ. ಬ್ಯಾಂಕಿನ ವೆಬ್‌ಸೈಟ್ ತೆರೆದಾಗ ವಿಳಾಸದ ಪಕ್ಕ ಬೀಗದ ಚಿತ್ರ ಕಾಣುತ್ತಿತ್ತಲ್ಲ, ಆ ಬೀಗದ ಹಿಂದಿನ ಕೆಲಸವನ್ನು ಲೋಕದ ಎಷ್ಟೋ ಸರ್ವರ್‌ಗಳಲ್ಲಿ ಮಾಡುವುದು ಓಪನ್‌ಎಸ್‌ಎಸ್‌ಎಲ್ ಅನ್ನೋ ಓಪನ್ ಸೋರ್ಸ್ ಲೈಬ್ರರಿ. ಅದರೊಳಗಿದ್ದ ತಪ್ಪು ಎಂಥದ್ದು ಅಂದರೆ, ನಿಮ್ಮ ಕಂಪ್ಯೂಟರ್ ಮತ್ತು ಸರ್ವರ್ ಮಧ್ಯೆ ಆಗಾಗ ಒಂದು ಮಾತುಕತೆ ನಡೆಯುತ್ತಿರುತ್ತದೆ. "ಇದ್ದೀಯಾ? ಇದ್ದರೆ ನಾನು ಕಳಿಸಿದ ಈ ಪದವನ್ನೇ ವಾಪಸ್ ಕಳಿಸು, ಅದರ ಉದ್ದ ಇಷ್ಟು" ಅಂತ. ಒಬ್ಬ ಕಳ್ಳ 'ನೀರು' ಅಂತ ಪುಟ್ಟ ಪದ ಕಳಿಸಿ, ಅದರ ಉದ್ದ 64 ಸಾವಿರ ಅಂತ ಸುಳ್ಳು ಹೇಳಿದರೆ? ಸರ್ವರ್ ಅಳೆದು ನೋಡುತ್ತಲೇ ಇರಲಿಲ್ಲ. 'ನೀರು' ಕೊಟ್ಟು, ಅದರ ಪಕ್ಕದಲ್ಲಿ ಮೆಮೊರಿಯಲ್ಲಿ ಏನೇನು ಬಿದ್ದಿತ್ತೋ ಅದನ್ನೆಲ್ಲ ಸೇರಿಸಿ ಕಳಿಸುತ್ತಿತ್ತು. ಬೇರೆಯವರ ಪಾಸ್‌ವರ್ಡ್, ಸರ್ವರಿನ ಗುಟ್ಟಿನ ಕೀ, ಏನು ಬೇಕಾದರೂ ಇರಬಹುದಿತ್ತು. ಈ ತಪ್ಪು ಒಳಗೆ ಸೇರಿದ್ದು 2012ರ ಮಾರ್ಚ್‌ನಲ್ಲಿ ಬಂದ 1.0.1 ಆವೃತ್ತಿಯಲ್ಲಿ. ಎರಡು ವರ್ಷ ಹಾಗೇ ಇತ್ತು. ಸರಿ ಮಾಡಲು ಬೇಕಾದದ್ದು ಕೆಲವೇ ಸಾಲುಗಳ ಕೋಡ್. ಹೇಳಿದ ಉದ್ದ ನಿಜವಾ ಅಂತ ನೋಡು, ಅಷ್ಟೇ.

ಆಗ ಓಪನ್‌ಎಸ್‌ಎಸ್‌ಎಲ್‌ಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಪೂರ್ತಿ ಸಮಯ ಅದಕ್ಕೇ ಕೊಟ್ಟು ಕೂತಿದ್ದವರು ಒಬ್ಬರು. ಬ್ಯಾಂಕುಗಳು, ಅಂಗಡಿಗಳು, ಸರ್ಕಾರಗಳು, ದೊಡ್ಡ ದೊಡ್ಡ ಕಂಪನಿಗಳು ಎಲ್ಲರೂ ಅದನ್ನು ಬಳಸುತ್ತಿದ್ದರು. ಬೇರೆ ಯಾರೋ ನೋಡಿಕೊಳ್ಳುತ್ತಿದ್ದಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆ ಲೆಕ್ಕ ಓದಿದ ದಿನ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಯಾಕೆಂದರೆ ನಾನೂ ಬಳಸುತ್ತಿದ್ದೆ, ನಾನೂ ಹಾಗೇ ಅಂದುಕೊಂಡಿದ್ದೆ.

ಆಮೇಲೆ ಓಡಾಟ ಶುರುವಾಯಿತು. ಅದೇ ತಿಂಗಳ 24ಕ್ಕೆ, ಲಿನಕ್ಸ್ ಅನ್ನೋ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್‌ನ ಬೆನ್ನಿಗಿರುವ ಲಿನಕ್ಸ್ ಫೌಂಡೇಶನ್ ಒಂದು ನಿಧಿ ಘೋಷಿಸಿತು, ಕೋರ್ ಇನ್‌ಫ್ರಾಸ್ಟ್ರಕ್ಚರ್ ಇನಿಶಿಯೇಟಿವ್ ಅಂತ. ಅಮೆಝಾನ್, ಗೂಗಲ್, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್, ಸಿಸ್ಕೊ, ಫೇಸ್‌ಬುಕ್ ಹೀಗೆ ಹಲವು ಕಂಪನಿಗಳು ವರ್ಷಕ್ಕೆ ತಲಾ 1 ಲಕ್ಷ ಡಾಲರ್‌ನಂತೆ ಮೂರು ವರ್ಷ ಕೊಡುತ್ತೇವೆ ಅಂದವು. ಅದರಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಇಬ್ಬರಿಗೆ ಪೂರ್ತಿ ಸಂಬಳ ಸಿಕ್ಕಿತು. ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನಬಹುದು, ಆದರೆ ತೋಡಿದ ಬಾವಿ ಆಮೇಲೂ ಉಪಯೋಗಕ್ಕೆ ಬಂತು.

ಇಲ್ಲಿ ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹಳೇ ಮೈಸೂರು ಸೀಮೆಯ ಹಳ್ಳಿಗಳಿಂದ ಬಂದವರಿಗೆ ನೀರುಗಂಟಿ ಗೊತ್ತಿರುತ್ತದೆ. ಕೆರೆಯ ತೂಬು ಎತ್ತುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವವನು, ಮಳೆಗಾಲದ ರಾತ್ರಿ ಏರಿ ಮೇಲೆ ಓಡಾಡಿ ಎಲ್ಲಾದರೂ ನೀರು ಜಿನುಗುತ್ತಿದೆಯಾ ಅಂತ ಕಾಯುವವನು. ಸುಗ್ಗಿಯಲ್ಲಿ ಕಣದ ಹತ್ತಿರ ಪ್ರತಿ ರೈತನೂ ಅವನ ಪಾಲಿನ ಕಾಳು ಅಳೆದು ಕೊಡುತ್ತಿದ್ದ. ಇನ್ನೂ ಹಿಂದಕ್ಕೆ ಹೋದರೆ ಶಾಸನಗಳಲ್ಲಿ ಕಟ್ಟುಕೊಡಗೆ ಅನ್ನೋ ಮಾತು ಸಿಗುತ್ತದೆ, ಕೆರೆ ಕಟ್ಟಿಸಿ ಕಾಪಾಡಿಕೊಂಡು ಬರುವವರಿಗೆ ಬಿಟ್ಟುಕೊಟ್ಟ ಜಮೀನು. ಗಮನಿಸಿ, ನೀರುಗಂಟಿಗೆ ಕಾಳು ಸಿಗುತ್ತಿದ್ದದ್ದು ಏರಿ ಒಡೆದ ವರ್ಷ ಮಾತ್ರ ಅಲ್ಲ. ಏನೂ ಆಗದ ವರ್ಷವೂ ಸಿಗುತ್ತಿತ್ತು. ಏನೂ ಆಗದೆ ಇರುವುದೇ ಅವನ ಕೆಲಸ.

ಸಾಫ್ಟ್‌ವೇರ್‌ನಲ್ಲೂ ನೀರುಗಂಟಿಗಳಿದ್ದಾರೆ. ಮೇಂಟೇನರ್ ಅಂತ ಕರೆಯುತ್ತೇವೆ. ಹೊಸ ಫೀಚರ್ ಬರೆಯುವುದು ಅವರ ಕೆಲಸದ ಚಿಕ್ಕ ಭಾಗ. ಬೇರೆಯವರು ಕಳಿಸಿದ ಕೋಡ್ ಓದುವುದು, ಬೇಡ ಅಂತ ನಯವಾಗಿ ಹೇಳುವುದು, ಹಳೆಯ ಬಗ್ ಹುಡುಕುವುದು, ಹೊಸ ಆವೃತ್ತಿ ಕಟ್ಟಿ ಬಿಡುಗಡೆ ಮಾಡುವುದು, ಕೋಪದಲ್ಲಿ ಬರೆದವರಿಗೂ ಉತ್ತರ ಕೊಡುವುದು. ಇದಕ್ಕೆ ಚಪ್ಪಾಳೆ ಬರುವುದಿಲ್ಲ. ಹಣ ಕೊಡುವ ಸಂಸ್ಥೆಗಳಿಗೂ ಹೊಸದು ಅಂದರೆ ಇಷ್ಟ, ಫೋಟೊ ಹಾಕಬಹುದಲ್ಲ.

ಒಬ್ಬ ನೀರುಗಂಟಿ ದಣಿದು ಹೋದರೆ ಏನಾಗುತ್ತದೆ ಅನ್ನೋದಕ್ಕೆ ಎಕ್ಸ್‌ಝಡ್ ಪ್ರಕರಣ ನೋಡಿ. ಇದು ಫೈಲುಗಳನ್ನು ಚಿಕ್ಕದು ಮಾಡುವ ಒಂದು ಸಲಕರಣೆ, ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ಗಳಲ್ಲೂ ಇರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಲಾಸ್ಸೆ ಕೊಲಿನ್, ಸಂಬಳ ಇಲ್ಲದೆ, ಬಿಡುವಿನ ಸಮಯದಲ್ಲಿ. 2022ರಲ್ಲಿ ಕೆಲವರು ಮೇಲಿಂದ ಮೇಲೆ ಪತ್ರ ಬರೆದರು, ಯಾಕೆ ಇಷ್ಟು ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಅಂತ. ತನಗೆ ಬಹಳ ದಿನಗಳಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಅಂತ ಅವರು ಉತ್ತರ ಬರೆದರು. ಅದೇ ಹೊತ್ತಿಗೆ ಜಿಯಾ ತಾನ್ ಅನ್ನೋ ಹೆಸರಿನವನೊಬ್ಬ ಸಹಾಯಕ್ಕೆ ಒದಗಿದ, ಚೆನ್ನಾಗಿಯೂ ಕೆಲಸ ಮಾಡಿದ, ನಂಬಿಕೆ ಗಳಿಸಿದ, ಜವಾಬ್ದಾರಿ ಪಡೆದ. 2024ರ ಶುರುವಿನಲ್ಲಿ ಬಂದ 5.6.0 ಆವೃತ್ತಿಯಲ್ಲಿ ಬೇರೆಯವರ ಕಂಪ್ಯೂಟರಿಗೆ ನುಗ್ಗಲು ಒಂದು ಕಳ್ಳಬಾಗಿಲು ಕೂತಿತ್ತು.

ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್. ದೂರದ ಕಂಪ್ಯೂಟರಿಗೆ ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡ ಆಗುತ್ತಿದೆ ಅನ್ನೋದನ್ನು ಕಂಡು, ಸುಮ್ನೆ ಬಿಡದೆ, ಬೆನ್ನು ಹತ್ತಿ ಹೋದರು. 2024ರ ಮಾರ್ಚ್ 29ಕ್ಕೆ ಲೋಕಕ್ಕೆ ತಿಳಿಸಿದರು. ಎಲ್ಲರೂ ಆ ಅರ್ಧ ಸೆಕೆಂಡಿನ ಕಥೆ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು. ಅವರು ಮೈಕ್ರೋಸಾಫ್ಟ್‌ನಲ್ಲಿ ಸಂಬಳ ಪಡೆದು ಪೋಸ್ಟ್‌ಗ್ರೆಸ್ ಅನ್ನೋ ಓಪನ್ ಸೋರ್ಸ್ ಡೇಟಾಬೇಸ್ ಮೇಲೆ ಕೆಲಸ ಮಾಡುವವರು. ಅವತ್ತೂ ಪೋಸ್ಟ್‌ಗ್ರೆಸ್‌ನ ವೇಗ ಅಳೆಯುತ್ತಿದ್ದರು. ಅಂದರೆ ಸಂಬಳ ಇಲ್ಲದೆ ದಣಿದಿದ್ದ ಒಬ್ಬರ ಮೂಲಕ ಅಪಾಯ ಒಳಗೆ ಬಂತು, ಓಪನ್ ಸೋರ್ಸ್ ಕೆಲಸಕ್ಕೇ ಸಂಬಳ ಪಡೆಯುತ್ತಿದ್ದ ಇನ್ನೊಬ್ಬರ ಕಣ್ಣಿಗೆ ಬಿತ್ತು. ಇದಕ್ಕಿಂತ ಚೆನ್ನಾಗಿ ನಾನು ನನ್ನ ಮಾತನ್ನು ವಿವರಿಸಲಾರೆ.

ಸಂಸ್ಥೆಗಳು ಹಣ ಕೊಡುವ ದಾರಿಗಳು ಹಲವಾರಿವೆ. ಫೌಂಡೇಶನ್‌ಗೆ ಸದಸ್ಯರಾಗುವುದು ಒಂದು. ಲಿನಕ್ಸ್ ಫೌಂಡೇಶನ್‌ನ ಮೇಲಿನ ದರ್ಜೆಯ ಸದಸ್ಯತ್ವ ವರ್ಷಕ್ಕೆ 5 ಲಕ್ಷ ಡಾಲರ್. ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಅವರ ಸಂಬಳ ಅಲ್ಲಿಂದಲೇ ಬರುತ್ತದೆ. ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಬಹುಪಾಲು ಕೋಡ್ ಬರೆಯುವವರು ಇಂಟೆಲ್, ಎಎಂಡಿ, ರೆಡ್ ಹ್ಯಾಟ್, ಗೂಗಲ್ ಥರದ ಕಂಪನಿಗಳ ನೌಕರರು. ಎಲ್ಲ ಫೌಂಡೇಶನ್‌ಗಳೂ ಕೋಡ್ ಬರೆಯುವವರಿಗೆ ದುಡ್ಡು ಕೊಡುತ್ತವೆ ಅಂತ ಅಂದುಕೊಳ್ಳಬೇಡಿ. ಅಪಾಚೆ ಫೌಂಡೇಶನ್ ಕೊಡುವುದಿಲ್ಲ, ಅದು ಅವರ ನಿಯಮ. ಸರ್ವರ್, ಕಾನೂನು, ಹೆಸರಿನ ರಕ್ಷಣೆ ಅವರು ನೋಡಿಕೊಳ್ಳುತ್ತಾರೆ. 2021ರ ಡಿಸೆಂಬರ್‌ನಲ್ಲಿ ಅಪಾಚೆಯವರದೇ ಆದ ಲಾಗ್‌4ಜೆ ಅನ್ನೋ ಲೈಬ್ರರಿಯಲ್ಲಿ ಭದ್ರತೆಯ ತೊಂದರೆ ಎದ್ದಾಗ ಲೋಕದ ಕಂಪನಿಗಳೆಲ್ಲ ಗಾಬರಿ ಬಿದ್ದವು, ಸರಿ ಮಾಡಲು ಕೂತವರು ಸ್ವಯಂಸೇವಕರು.

ನನಗೆ ತುಂಬಾ ಹಿಡಿಸಿದ್ದು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯವರ ಏರ್ಪಾಡು. 2021ರಲ್ಲಿ ಅವರು ಡೆವಲಪರ್ ಇನ್ ರೆಸಿಡೆನ್ಸ್ ಅಂತ ಒಂದು ಹುದ್ದೆ ಮಾಡಿದರು, ಮೊದಲ ಹಣ ಗೂಗಲ್‌ನಿಂದ ಬಂತು, ಹುದ್ದೆಗೆ ಬಂದವರು ವೂಕಾಷ್ ಲಾಂಗಾ. ಅವರ ಕೆಲಸ ಏನು ಗೊತ್ತಾ? ಬೇರೆಯವರು ಕಳಿಸಿ ಯಾರೂ ನೋಡದೆ ಬಾಕಿ ಬಿದ್ದಿದ್ದ ತಿದ್ದುಪಡಿಗಳನ್ನು ಓದುವುದು, ಬಗ್ ಪಟ್ಟಿ ವಿಂಗಡಿಸುವುದು. ಮನೆಯಲ್ಲಿ ದಿನಾ ಪಾತ್ರೆ ತೊಳೆಯುವ ಥರದ ಕೆಲಸ. ಅದಕ್ಕೇ ಅಂತ ಒಂದು ಸಂಬಳ ಇಟ್ಟರು. ಒಬ್ಬ ವಿದ್ಯಾರ್ಥಿ ಕಳಿಸಿದ ತಿದ್ದುಪಡಿಗೆ ಒಂದು ವಾರದಲ್ಲಿ ಉತ್ತರ ಬರುವುದಕ್ಕೂ ಎರಡು ವರ್ಷ ಬಾರದೇ ಇರುವುದಕ್ಕೂ ಎಷ್ಟು ವ್ಯತ್ಯಾಸ ಅಂತ, ಕಳಿಸಿ ಕಾದಿರುವವರಿಗೆ ಗೊತ್ತು.

ಸರ್ಕಾರವೂ ಕೊಡಬಹುದು. ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಶುರು ಮಾಡಿತು, ಮರುವರ್ಷ ಲಿನಕ್ಸ್‌ನಲ್ಲಿ ಬಳಸುವ ಗ್ನೋಮ್ ಡೆಸ್ಕ್‌ಟಾಪ್‌ಗೆ 10 ಲಕ್ಷ ಯೂರೊ ಕೊಟ್ಟಿತು.

ಹಣದ ಜೊತೆ ತೊಡಕೂ ಬರುತ್ತದೆ, ಅದನ್ನು ಮುಚ್ಚಿಡಬಾರದು. ಒಬ್ಬರೇ ಕೊಡುತ್ತಿದ್ದರೆ ಅವರ ಮನಸ್ಸು ಬದಲಾದ ದಿನ ಎಲ್ಲವೂ ಬದಲಾಗುತ್ತದೆ. ರೆಡ್ ಹ್ಯಾಟ್ ದುಡ್ಡಿನಲ್ಲಿ ನಡೆಯುತ್ತಿದ್ದ ಸೆಂಟ್‌ಓಎಸ್ 8 ಅನ್ನೋ ಲಿನಕ್ಸ್ ಹಾಕಿಕೊಂಡಿದ್ದವರು 2029ರವರೆಗೆ ನಿಶ್ಚಿಂತೆ ಅಂದುಕೊಂಡಿದ್ದರು. 2020ರ ಡಿಸೆಂಬರ್‌ನಲ್ಲಿ ರೆಡ್ ಹ್ಯಾಟ್ ಅದನ್ನು 2021ಕ್ಕೇ ಮುಗಿಸುತ್ತೇವೆ ಅಂದಿತು. ಫೈರ್‌ಫಾಕ್ಸ್ ಮಾಡುವ ಮೊಝಿಲ್ಲಾದ ಆದಾಯದ ಬಹುಪಾಲು ಗೂಗಲ್ ಜೊತೆಗಿನ ಹುಡುಕಾಟದ ಒಪ್ಪಂದದಿಂದ ಬರುತ್ತದೆ, ಅದೇ ಗೂಗಲ್ ಕ್ರೋಮ್ ಮಾಡುತ್ತದೆ. ಫೈರ್‌ಫಾಕ್ಸ್ ಮೇಲೆ ಪ್ರೀತಿ ಇರುವ ನನಗೆ ಇದು ಯಾವಾಗಲೂ ಒಂದು ಚಿಂತೆ.

ಇದಕ್ಕೆ ಎದುರಾಗಿ ಬ್ಲೆಂಡರ್ ನೋಡಿ, ಮೂರು ಆಯಾಮದ ಅನಿಮೇಶನ್ ಮಾಡುವ ಸಾಫ್ಟ್‌ವೇರ್. 2002ರಲ್ಲಿ ಅದರ ಹಿಂದಿನ ಕಂಪನಿ ಮುಚ್ಚಿತು. ಹೂಡಿಕೆದಾರರು 1 ಲಕ್ಷ ಯೂರೊ ಕೊಟ್ಟರೆ ಕೋಡ್ ಬಿಟ್ಟುಕೊಡುತ್ತೇವೆ ಅಂದರು. ಬ್ಲೆಂಡರ್‌ನ ಕರ್ತೃ ಟೋನ್ ರೋಸೆಂಡಾಲ್ ಬಳಕೆದಾರರನ್ನೇ ಕೇಳಿದರು. ಏಳು ವಾರದಲ್ಲಿ ಹಣ ಒಟ್ಟಾಯಿತು. ಹನಿಗೂಡಿದರೆ ಹಳ್ಳ ಅಂತಾರಲ್ಲ, ಹಾಗೆ. ಆಮೇಲೆ ದೊಡ್ಡ ಕಂಪನಿಗಳು ಬಂದವು. 2019ರಲ್ಲಿ ಎಪಿಕ್ ಗೇಮ್ಸ್ 12 ಲಕ್ಷ ಡಾಲರ್ ಕೊಟ್ಟಿತು, ಮಾರುಕಟ್ಟೆಯಲ್ಲಿ ಕಚ್ಚಾಡುವ ಎನ್‌ವಿಡಿಯಾ ಮತ್ತು ಎಎಂಡಿ ಎರಡೂ ಅಭಿವೃದ್ಧಿ ನಿಧಿಗೆ ಸೇರಿದವು. ತಿಂಗಳಿಗೆ ಐದೋ ಹತ್ತೋ ಯೂರೊ ಕೊಡುವ ಸಾಮಾನ್ಯ ಬಳಕೆದಾರರು ಈಗಲೂ ಇದ್ದಾರೆ. ಒಬ್ಬರು ಬಿಟ್ಟು ಹೋದರೆ ಕಷ್ಟ ಆಗಬಹುದು, ಬಾಗಿಲು ಮುಚ್ಚಬೇಕಾಗುವುದಿಲ್ಲ.

ನಮ್ಮೂರಿಗೆ ಬರೋಣ. ಷೇರು ವ್ಯವಹಾರ ನಡೆಸುವ ಬೆಂಗಳೂರಿನ ಕಂಪನಿ ಝೆರೋಧ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಘೋಷಿಸಿತು, ಲೋಕದ ಯಾವುದೇ ಓಪನ್ ಸೋರ್ಸ್ ಯೋಜನೆಗೆ ವರ್ಷಕ್ಕೆ ಒಟ್ಟು 10 ಲಕ್ಷ ಡಾಲರ್. ಒಂದು ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರ್‌ವರೆಗೆ. ನಮ್ಮ ಕಂಪನಿ ಕಟ್ಟಿದ್ದೇ ಇಂಥ ಸಾಫ್ಟ್‌ವೇರ್ ಮೇಲೆ, ಅದಕ್ಕೇ ಕೊಡುತ್ತಿದ್ದೇವೆ ಅನ್ನೋದು ಅವರ ಮಾತಿನ ಸಾರ. ಅವರ ತಂತ್ರಜ್ಞಾನ ವಿಭಾಗದ ಮುಖ್ಯಸ್ಥ ಕೈಲಾಶ್ ನಾಧ್ ಅವರ ಹೆಸರು ಕನ್ನಡದ ಓದುಗರಿಗೆ ಇನ್ನೊಂದು ಕಾರಣಕ್ಕೆ ಗೊತ್ತಿರಬೇಕು. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' ಅಂತ 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಕ್ಕಿದ್ದು ಅವರ ಮೂಲಕ. ಸುಮಾರು ಒಂದೂವರೆ ಲಕ್ಷ ಪದಗಳು. ನಾನು ಈ ಮಾತಿಗೆ ತಯಾರಾಗುವಾಗಲೂ ಅದನ್ನು ತೆರೆದಿದ್ದೆ.

ನಮ್ಮಲ್ಲಿ ಇಷ್ಟೊಂದು ಸಾಫ್ಟ್‌ವೇರ್ ಕಂಪನಿಗಳಿವೆ, ಹೀಗೆ ಕೊಡುವವರು ಯಾಕೆ ಇಷ್ಟು ಕಡಿಮೆ? ಮನಸ್ಸಿಲ್ಲ ಅಂತ ನಾನು ಹೇಳುವುದಿಲ್ಲ. ಅರ್ಧ ತೊಂದರೆ ಅಕೌಂಟ್ಸ್ ವಿಭಾಗದ ಟೇಬಲ್ ಮೇಲೆ ಇದೆ. ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಎತ್ತಿಡುವ ಸಿಎಸ್ಆರ್ ಹಣ ಕೊಡೋಣ ಅಂದರೆ 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಓಪನ್ ಸೋರ್ಸ್ ಅನ್ನೋ ಹೆಸರೇ ಇಲ್ಲ. ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಒಳಗೆ ಪಿಡಿಎಫ್ ಮಾಡುವ ಒಂದು ಚಿಕ್ಕ ಲೈಬ್ರರಿ ಇತ್ತು. ಯುರೋಪಿನಲ್ಲಿ ಒಬ್ಬರೇ ಕೂತು ನೋಡಿಕೊಳ್ಳುತ್ತಿದ್ದರು. ಒಮ್ಮೆ ನಾವು ಬಗ್ ಬರೆದು ಕಳಿಸಿದಾಗ ಅವರು ಭಾನುವಾರ ಸರಿ ಮಾಡಿ ಕೊಟ್ಟರು. ನಮ್ಮ ತಂಡಕ್ಕೆ ಮನಸ್ಸು ಕರಗಿತು. ಮ್ಯಾನೇಜರ್ 500 ಡಾಲರ್‌ಗೆ ಒಪ್ಪಿಗೆ ಕೊಟ್ಟರು.

ನಾನು ಅಕೌಂಟ್ಸ್‌ಗೆ ಹೋದೆ. ಅಲ್ಲಿನ ಮೇಡಂ ಫೈಲ್ ತೆರೆದು ಕೇಳಿದರು, "ಇದು ಖರೀದಿನಾ ಸರ್, ದಾನನಾ? ಎರಡರಲ್ಲಿ ಒಂದು ಹೇಳಿ, ಬರ್ಕೋತೀನಿ." ಖರೀದಿ ಅಂದರೆ ಇನ್‌ವಾಯ್ಸ್ ಬೇಕು, ವೆಂಡರ್ ಫಾರ್ಮ್ ಬೇಕು, ಹೊರದೇಶಕ್ಕೆ ಹಣ ಹೋಗುತ್ತದಾದ್ದರಿಂದ ತೆರಿಗೆ ಇಲಾಖೆಯ ಫಾರ್ಮ್ ಬೇಕು. ದಾನ ಅಂದರೆ ಬೋರ್ಡಿಗೆ ಹೋಗಬೇಕು. ಆ ಮನುಷ್ಯನ ಹತ್ತಿರ ಕಂಪನಿಯೂ ಇಲ್ಲ, ಇನ್‌ವಾಯ್ಸ್ ಪುಸ್ತಕವೂ ಇಲ್ಲ. ಮೇಡಂ ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅವರು ಅವರ ಕೆಲಸ ಸರಿಯಾಗಿ ಮಾಡುತ್ತಿದ್ದರು. ನಾಲ್ಕು ತಿಂಗಳು ಫೈಲ್ ಆ ಟೇಬಲ್ ಮೇಲೇ ಇತ್ತು.

ದಾರಿ ತೋರಿಸಿದವರೂ ಅವರೇ. ಒಂದು ದಿನ ಲಿಫ್ಟ್ ಕೆಟ್ಟಿತ್ತು, ಮೆಕ್ಯಾನಿಕ್ ಬಂದು ರಿಪೇರಿ ಮಾಡುತ್ತಿದ್ದ. ಮೇಡಂ ಕೇಳಿದರು, "ಈ ನಿಮ್ಮ ಲೈಬ್ರರಿ ಕೆಟ್ಟರೆ ಅವರು ಬಂದು ಸರಿ ಮಾಡ್ತಾರಾ?" ಮಾಡ್ತಾರೆ ಮೇಡಂ, ಈಗಾಗಲೇ ಮಾಡಿದ್ದಾರೆ ಅಂದೆ. "ಹಾಗಾದ್ರೆ ಇದು ಎಎಂಸಿ ಅಲ್ವಾ ಸರ್? ಮೊದಲೇ ಹೇಳ್ಬಾರ್ದಾ?" ವಾರ್ಷಿಕ ನಿರ್ವಹಣೆ ಒಪ್ಪಂದ. ಅದಕ್ಕೆ ಪ್ರತಿ ಆಫೀಸಿನ ಪುಸ್ತಕದಲ್ಲೂ ಒಂದು ಕಾಲಂ ಇರುತ್ತದೆ, ಯಾರ ಹತ್ತಿರವೂ ವಾದ ಮಾಡಬೇಕಾಗಿಲ್ಲ. ಇನ್‌ವಾಯ್ಸ್ ಕೊಡಲು ಆ ಯೋಜನೆಯ ಪರವಾಗಿ ಹಣ ಪಡೆದು ಲೆಕ್ಕ ಇಡುವ ಒಂದು ಸಂಸ್ಥೆ ಸಿಕ್ಕಿತು, ಇಂಥ ಸಂಸ್ಥೆಗಳು ಈಗ ಬೇಕಾದಷ್ಟಿವೆ. ಫಾರ್ಮ್‌ಗಳನ್ನು ತುಂಬಿದ್ದೂ ಆಯಿತು.

ಹಾಗಾಗಿ ನೀವು ಸೋಮವಾರ ಆಫೀಸಿಗೆ ಹೋದಾಗ ದೇಣಿಗೆ ಅನ್ನೋ ಪದ ಬಳಸಬೇಡಿ. ನಿಮ್ಮ ಸಾಫ್ಟ್‌ವೇರ್ ಯಾವ ಯಾವ ಲೈಬ್ರರಿ ಮೇಲೆ ನಿಂತಿದೆ ಅಂತ ಪಟ್ಟಿ ಮಾಡಿ, ಅದರಲ್ಲಿ ಒಬ್ಬರೋ ಇಬ್ಬರೋ ನೋಡಿಕೊಳ್ಳುತ್ತಿರುವುದು ಯಾವುದು ಅಂತ ಗುರುತು ಹಾಕಿ. ಎಲ್ಲಕ್ಕೂ ಚೂರು ಚೂರು ಹಂಚಬೇಡಿ, ಒಂದನ್ನೋ ಎರಡನ್ನೋ ಆರಿಸಿ, ಸಣ್ಣ ಮೊತ್ತವಾದರೂ ಪ್ರತಿ ವರ್ಷ ಹೋಗುವ ಹಾಗೆ ಮಾಡಿ. ಹಣ ಆಗದಿದ್ದರೆ ನಿಮ್ಮ ತಂಡದ ಒಬ್ಬರಿಗೆ ವಾರದಲ್ಲಿ ಅರ್ಧ ದಿನ ಕೊಡಿಸಿ, ಆ ಯೋಜನೆಯ ಬಾಕಿ ಬಗ್‌ಗಳನ್ನು ನೋಡಲಿ. ಅದನ್ನು ಅವರ ವರ್ಷದ ಕೊನೆಯ ರಿವ್ಯೂನಲ್ಲಿ ಕೆಲಸ ಅಂತಲೇ ಬರೆಸಿ, ಹವ್ಯಾಸ ಅಂತ ಅಲ್ಲ.

ನಾನು ಆ ಕಂಪನಿ ಬಿಟ್ಟು ಕೆಲವು ವರ್ಷ ಆಯಿತು. ಮೊನ್ನೆ ಮೇಡಂ ಸಿಕ್ಕಿದ್ದರು, ಕೇಳಿದೆ. ಪ್ರತಿ ಏಪ್ರಿಲ್‌ನಲ್ಲಿ ಎಎಂಸಿ ಪಟ್ಟಿ ರಿನ್ಯೂವಲ್‌ಗೆ ಬರುತ್ತದಂತೆ. ಲಿಫ್ಟ್, ಪಿಡಿಎಫ್ ಲೈಬ್ರರಿ, ಯುಪಿಎಸ್, ಆ ಕ್ರಮದಲ್ಲಿ. ಯಾರೂ ಏನೂ ಕೇಳುವುದಿಲ್ಲವಂತೆ, ಸಹಿ ಹಾಕಿ ಕಳಿಸುತ್ತಾರಂತೆ.